ಹೊಸ ಆಲ್ಬಂ ಬಂತು ಸರಿ, ನುಡಿಸಿದವರು ಯಾರು?

ಮಾನ್ಯ ಸಂಪಾದಕರಿಗೆ,

ನಿಮ್ಮ ಪುರವಣಿಯಲ್ಲಿ ಈಚೆಗೆ ಸಿನಿಮಾ ಹಾಡಿನ ಆಚೆಗಿನ ಹೊಸ ಆಲ್ಬಂಗಳಿಗೂ ಒಂದು ಮೂಲೆ ಸಿಗುತ್ತಿರುವುದು ಸಂತೋಷ. ಜಾಝ್, ಲ್ಯಾಟಿನ್ ಅಮೆರಿಕದ ಕುಣಿತದ ಸಂಗೀತವಾದ ಸಾಲ್ಸಾ ಹೆಸರುಗಳೂ ಅಲ್ಲಿ ಆಗಾಗ ಇಣುಕುತ್ತವೆ. ಆದರೆ ಅಚ್ಚಾಗುವುದು ಇಷ್ಟೇ: ಆಲ್ಬಂನ ಹೆಸರು, ಮುಖಪುಟದ ಚಿತ್ರ, ‘ಲ್ಯಾಟಿನ್ ಲಯಕ್ಕೆ ಕಾಲು ತಾನಾಗಿ ಕುಣಿಯುತ್ತದೆ’ ಎಂಬ ಧಾಟಿಯ ಎರಡು ಸಾಲು. ಯಾವ ವಾದ್ಯ ಯಾರು ನುಡಿಸಿದರು, ಧ್ವನಿಮುದ್ರಣ ಯಾರ ಸ್ವತ್ತು, ದುಡ್ಡು ಕೊಟ್ಟು ಎಲ್ಲಿ ಕೊಳ್ಳಬಹುದು ಎಂಬುದರ ಸುಳಿವೇ ಇರುವುದಿಲ್ಲ. ಸ್ವತಂತ್ರವಾಗಿ ಹೊರಬರುವ ಜಾಝ್ ಮತ್ತು ಸಾಲ್ಸಾ ಆಲ್ಬಂಗಳ ಮಟ್ಟಿಗೆ ಇದೇ ಮುಖ್ಯ ಸುದ್ದಿ. ಧ್ವನಿಮುದ್ರಣದ ಕೆಲಸ ಗೊತ್ತಿರುವ, ಈ ಸಂಗೀತವನ್ನು ದಿನನಿತ್ಯ ಕೇಳುವ ಕೆಲವರು ಸೇರಿ ಬರೆದ ಪತ್ರವಿದು. ತುಸು ಉದ್ದವಾಗಿದೆ. ಕತ್ತರಿ ಹಾಕುವುದಾದರೆ ವಿಶೇಷಣಗಳಿಗೆ ಹಾಕಿ, ಹೆಸರುಗಳನ್ನು ಉಳಿಸಿ.

ನಮ್ಮಲ್ಲಿ ಸಿನಿಮಾಕ್ಕೆ ಸೇರದ ಹಾಡೆಲ್ಲ ಸ್ವತಂತ್ರ ಎನಿಸಿಕೊಳ್ಳುತ್ತದೆ. ಜಾಝ್ ಲೋಕದಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಯಾರ ಕೈಯಲ್ಲಿದೆ? ಬೇಸ್ ವಾದಕ ಚಾರ್ಲ್ಸ್ ಮಿಂಗಸ್, ಅವರ ಪತ್ನಿ ಸೀಲಿಯಾ ಮಿಂಗಸ್ ಮತ್ತು ಡ್ರಮ್ಸ್‌ನ ಮ್ಯಾಕ್ಸ್ ರೋಚ್ ಸೇರಿ 1952ರಲ್ಲಿ ಡೆಬ್ಯು ರೆಕಾರ್ಡ್ಸ್ ಕಟ್ಟಿದ್ದು ಈ ಪ್ರಶ್ನೆಗೆ ತಾವೇ ಉತ್ತರವಾಗಬೇಕೆಂದು. 1971ರಲ್ಲಿ ಟ್ರಂಪೆಟ್‌ನ ಚಾರ್ಲ್ಸ್ ಟೋಲಿವರ್, ಪಿಯಾನೊದ ಸ್ಟ್ಯಾನ್ಲಿ ಕವೆಲ್ ಶುರುಮಾಡಿದ ಸ್ಟ್ರಾಟಾ–ಈಸ್ಟ್‌ನಲ್ಲಿ ಮುದ್ರಣದ ಖರ್ಚೂ ಮಾಸ್ಟರೂ ಕಲಾವಿದನದೇ. ಸಾಲ್ಸಾದ ಕಥೆ ಅಷ್ಟು ನೇರವಾಗಿಲ್ಲ. ಸಂಗೀತಗಾರ ಜಾನಿ ಪಚೇಕೊ ಮತ್ತು ವಕೀಲ ಜೆರಿ ಮಸೂಚಿ 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಫೇನಿಯಾ ಆರಂಭಿಸಿದಾಗ ಕಾರಿನ ಡಿಕ್ಕಿಯಲ್ಲಿ ಗ್ರಾಮಫೋನ್ ತಟ್ಟೆ ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ ಮಾರಿದರು. ಇದಕ್ಕಿಂತ ಸ್ವತಂತ್ರ ಕಂಪನಿ ಇನ್ನಾವುದಿದ್ದೀತು! ಆದರೂ ಮಾಸ್ಟರ್‌ಗಳು ಉಳಿದದ್ದು ಕಂಪನಿಯ ಹೆಸರಿನಲ್ಲಿ. ಮುಂದೆ ಕೈಯಿಂದ ಕೈಗೆ ದಾಟಿ 2018ರಲ್ಲಿ ಆ ಇಡೀ ಭಂಡಾರ ಕಾನ್‌ಕಾರ್ಡ್ ಎಂಬ ದೊಡ್ಡ ಸಂಗೀತ ಕಂಪನಿಯ ಪಾಲಾಯಿತು. ಕಂಪನಿ ಚಿಕ್ಕದೆಂಬ ಮಾತ್ರಕ್ಕೆ ಕಲಾವಿದ ಒಡೆಯನಾಗುವುದಿಲ್ಲ.

ಈಚಿನ ವರ್ಷಗಳಲ್ಲಿ ಒಡೆತನವನ್ನು ಕೈಯಲ್ಲೇ ಇಟ್ಟುಕೊಂಡವರು ಹೆಚ್ಚುತ್ತಿದ್ದಾರೆ. ಆಲ್ಟೊ ಸ್ಯಾಕ್ಸೊಫೋನ್‌ನ ಮಿಗೆಲ್ ಸೆನೋನ್‌ಗೆ ಮಿಯೆಲ್ ಮ್ಯೂಸಿಕ್ ಎಂಬ ಸ್ವಂತ ಲೇಬಲ್ (ಧ್ವನಿಮುದ್ರಣ ಕಂಪನಿ) ಇದೆ. ಪಿಯಾನೊದ ಲೂಯಿಸ್ ಪೆರ್ದೊಮೊ ಜೊತೆ ಅವರು ತಂದ, ನಿಧಾನಗತಿಯ ಪ್ರೇಮಗೀತೆಗಳ ಬೊಲೆರೊ ಆಲ್ಬಂನ ಎರಡನೆಯ ಸಂಪುಟ 2024ರಲ್ಲಿ ಲ್ಯಾಟಿನ್ ಜಾಝ್ ಗ್ರ್ಯಾಮಿ ಪಡೆಯಿತು. ಡ್ರಮ್ಸ್ ವಾದಕ ದಫ್ನಿಸ್ ಪ್ರಿಯೆತೊ ಅವರ ಬಿಗ್ ಬ್ಯಾಂಡ್ ಆಲ್ಬಂ ‘ಬ್ಯಾಕ್ ಟು ದ ಸನ್‌ಸೆಟ್’ 2018ರಲ್ಲಿ ಬಂದದ್ದು ಅವರದೇ ದಫ್ನಿಸನ್ ಮ್ಯೂಸಿಕ್‌ನಿಂದ. ಸಾಲ್ಸಾದಲ್ಲಿ ಗಾಯಕ ರುಬೇನ್ ಬ್ಲೇಡ್ಸ್, ಪನಾಮಾದ ರೊಬೆರ್ತೊ ದೆಲ್ಗಾದೊ ತಂಡದೊಂದಿಗೆ 2021ರಲ್ಲಿ ‘ಸಾಲ್‌ಸ್ವಿಂಗ್!’ ತಂದರು. ಅದನ್ನು ಅವರು ಬಿಡುಗಡೆ ಮಾಡಿದ ಬಗೆ ಗಮನಿಸುವಂಥದ್ದು: ಸಾಲ್ಸಾ, ಸ್ವಿಂಗ್ (ಕುಣಿತದ ಜಾಝ್) ಎರಡೂ ಬೆರೆತ ಒಂದು ಆವೃತ್ತಿ, ಸಾಲ್ಸಾ ಕೇಳುಗರಿಗೊಂದು, ಸ್ವಿಂಗ್ ಕೇಳುಗರಿಗೊಂದು. ದೊಡ್ಡ ಕಂಪನಿಯ ಮಾರಾಟ ವಿಭಾಗ ಒಪ್ಪುತ್ತಿತ್ತೋ ಇಲ್ಲವೋ, ಸ್ವಂತ ಲೇಬಲ್ಲಿನಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ. ಆ ವರ್ಷದ ಲ್ಯಾಟಿನ್ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ಅದಕ್ಕೇ ಬಂತು.

ನಮ್ಮ ವಾದಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು 2024ರ ‘ಕ್ಯೂಬಾಪ್ ಲಿವ್ಸ್!’. ಹೊರತಂದದ್ದು ಟ್ರೂತ್ ರೆವಲ್ಯೂಷನ್ ರೆಕಾರ್ಡಿಂಗ್ ಕಲೆಕ್ಟಿವ್. ನಡೆಸುವವರು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಿಂದ ಬಂದ ಅಣ್ಣತಮ್ಮಂದಿರಾದ ಝಕಾಯ್ ಕರ್ಟಿಸ್ ಮತ್ತು ಲೂಕ್ಸ್ ಕರ್ಟಿಸ್. ಒಬ್ಬರದು ಪಿಯಾನೊ, ಇನ್ನೊಬ್ಬರದು ಬೇಸ್. ಉಳಿದ ಮೂವರದು ಡ್ರಮ್ಸ್ ಮತ್ತು ತಾಳವಾದ್ಯ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂದಾಗ ಪ್ರಶಸ್ತಿ ಪಟ್ಟಿಯಲ್ಲಿ ಐದು ಹೆಸರಿತ್ತು: ಝಕಾಯ್ ಕರ್ಟಿಸ್, ಲೂಕ್ಸ್ ಕರ್ಟಿಸ್, ವಿಲೀ ಮಾರ್ಟಿನೆಜ್ III, ಕಮೀಲೊ ಮೊಲೀನಾ, ರೈನಾಲ್ದೊ ದೆ ಹೆಸೂಸ್. ಪಿಯಾನೊದವನ ಹೆಸರೊಂದನ್ನೇ ಹಾಕಿ ‘ಮತ್ತು ತಂಡ’ ಎಂದು ಮುಗಿಸಲಿಲ್ಲ. ಈ ಸಂಗೀತವನ್ನು ಐದು ಜನ ನುಡಿಸಿದ್ದಾರೆ, ಐದು ಜನ ಇಲ್ಲದೆ ಅದು ಆಗುವುದೂ ಇಲ್ಲ.

ಯಾಕೆ ಆಗುವುದಿಲ್ಲ ಎಂಬುದನ್ನು ಒಂದು ಹಾಡಿನ ಒಳಹೊಕ್ಕು ನೋಡಿದರೆ ತಿಳಿಯುತ್ತದೆ. ವಿಮರ್ಶೆ ಬರೆಯುವವರಿಗೂ ಇದು ಉಪಯೋಗಕ್ಕೆ ಬಂದೀತು. ಸಾಲ್ಸಾದ ಬೆನ್ನೆಲುಬು ಕ್ಲಾವೆ ಎಂಬ ಲಯ. ಎರಡು ಬಾರ್‌ಗಳ ಆವರ್ತ (ಬಾರ್ ಎಂದರೆ ನಾಲ್ಕು ಎಣಿಕೆಯ ಒಂದು ಅಳತೆ), ಒಂದರಲ್ಲಿ ಮೂರು ಪೆಟ್ಟು, ಇನ್ನೊಂದರಲ್ಲಿ ಎರಡು. ಅದನ್ನು 16 ಸಮಭಾಗ ಮಾಡಿಕೊಂಡು ಎಣಿಸಿದರೆ 3–2 ಸೊನ್ ಕ್ಲಾವೆಯ ಐದು ಪೆಟ್ಟು ಬೀಳುವುದು 1, 4, 7, 11, 13ರಲ್ಲಿ. ಇನ್ನೊಂದು ಬಗೆಯಾದ ರುಂಬಾ ಕ್ಲಾವೆಯಲ್ಲಿ ಮೂರನೆಯ ಪೆಟ್ಟು 7ರಿಂದ 8ಕ್ಕೆ ಸರಿಯುತ್ತದೆ, ಮಿಕ್ಕವು ಇದ್ದಲ್ಲೇ ಇರುತ್ತವೆ. ಹಾಡು ಎರಡು ಪೆಟ್ಟಿನ ಬದಿಯಿಂದ ಶುರುವಾದರೆ 2–3: ಆಗ ಪೆಟ್ಟುಗಳು 3, 5, 9, 12, 15. ಒಮ್ಮೆ ಹಿಡಿದ ಕ್ಲಾವೆಯನ್ನು ನಡುವೆ ತಿರುಗಿಸುವಂತಿಲ್ಲ. ಬದಿ ಬದಲಾಗಬೇಕಾದರೆ ರಾಗಸಂಯೋಜಕ ಬೆಸಸಂಖ್ಯೆಯ ಬಾರ್‌ಗಳ ಒಂದು ಸಾಲು ಇಡುತ್ತಾನೆ; ಕ್ಲಾವೆ ತನ್ನ ಪಾಡಿಗೆ ನಡೆದಿರುತ್ತದೆ, ಹಾಡು ಇನ್ನೊಂದು ಬದಿಗೆ ಬಂದು ಕೂರುತ್ತದೆ. ಕರ್ನಾಟಕ ಸಂಗೀತದಲ್ಲಿ ಎಡುಪ್ಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ಬದಲಾದರೂ ತಾಳ ನಿಲ್ಲದಿರುವುದನ್ನು ಬಲ್ಲವರಿಗೆ ಇದು ಹೊಸತೆನಿಸದು.

ಸೋಜಿಗವೆಂದರೆ ಬಹಳಷ್ಟು ಹಾಡುಗಳಲ್ಲಿ ಕ್ಲಾವೆಯ ಎರಡು ಕೋಲನ್ನು ಯಾರೂ ಬಾರಿಸುವುದೇ ಇಲ್ಲ. ಎಲ್ಲರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನುಡಿಸುತ್ತಾರೆ. ಬೇಸ್ ನುಡಿಸುವ ತುಂಬಾವೊ ಎಂಬ ಸಾಲು ಪ್ರತಿ ಬಾರ್‌ನ ಎಂಟು ಭಾಗಗಳಲ್ಲಿ 4 ಮತ್ತು 7ರಲ್ಲಿ ಬೀಳುತ್ತದೆ, ಸಮದಲ್ಲಿ ಬೀಳುವುದಿಲ್ಲ. 7ರಲ್ಲಿ ಮೀಟಿದ ಸ್ವರ ಮುಂದಿನ ಬಾರ್‌ನ ಕಾರ್ಡಿಗೆ, ಅಂದರೆ ಸ್ವರಗುಚ್ಛಕ್ಕೆ, ಸೇರಿದ್ದು, ಹಿಗ್ಗಿ ಸಮವನ್ನು ದಾಟುತ್ತದೆ. ಮೊದಲ ಬಾರಿ ಕೇಳುವವರಿಗೆ ನೆಲ ಜಾರಿದಂತಾಗುವುದು ಇದರಿಂದಲೇ. ಎತ್ತರದ ಕೈಡೋಲಾದ ಕಾಂಗಾದಲ್ಲಿ 3ಕ್ಕೆ ಬಿಗಿಯಾದ ಚಪ್ಪಾಳೆಯಂಥ ಪೆಟ್ಟು, 7 ಮತ್ತು 8ರಲ್ಲಿ ತೆರೆದ ನಾದ. ಪಲ್ಲವಿಗೆ ಮುಂಚಿನ ಕಥನ ಭಾಗದಲ್ಲಿ ಟಿಂಬಾಲೆ ಎಂಬ ಜೋಡಿ ಡೋಲಿನವನು ವಾದ್ಯದ ಲೋಹದ ಪಕ್ಕೆಯ ಮೇಲೆ ಕಾಸ್ಕರಾ ಎಂಬ ಲಯ ನುಡಿಸುತ್ತಿರುತ್ತಾನೆ, ಬಾಂಗೊ ಎಂಬ ಪುಟ್ಟ ಜೋಡಿ ಕೈಡೋಲಿನವನು ಮೆಲ್ಲಗೆ ತುಂಬುತ್ತಿರುತ್ತಾನೆ. ಮೊಂತೂನೊ ಬಂತೆಂದರೆ, ಅಂದರೆ ಕೋರಸ್ ಮತ್ತು ಗಾಯಕನ ಸವಾಲ್–ಜವಾಬ್ ಶುರುವಾದರೆ, ಬಾಂಗೊದವನು ಬಾಂಗೊ ಕೆಳಗಿಟ್ಟು ಕೈಗಂಟೆ ಎತ್ತಿಕೊಳ್ಳುತ್ತಾನೆ. ಟಿಂಬಾಲೆಯವನು ಪಕ್ಕೆ ಬಿಟ್ಟು ಗಂಟೆಗೆ ಹಾರುತ್ತಾನೆ. ಎರಡು ಗಂಟೆಗಳು ಒಂದರ ಸಂದಿನಲ್ಲಿ ಒಂದು ಹೆಣೆದುಕೊಳ್ಳುತ್ತವೆ. ವೇಗ ಎಳ್ಳಷ್ಟೂ ಏರಿರುವುದಿಲ್ಲ, ಕುಣಿಯುವವರಿಗೆ ಮಾತ್ರ ಏರಿದಂತೆ ಅನಿಸುತ್ತದೆ.

ಇಲ್ಲೇ ಅಗ್ಗದ ಆಲ್ಬಂ ಸಿಕ್ಕಿಬೀಳುವುದು. ಒಬ್ಬನೇ ಕಾಂಗಾ, ಬಾಂಗೊ, ಟಿಂಬಾಲೆ ಮೂರನ್ನೂ ಒಂದರ ಮೇಲೊಂದು ಮುದ್ರಿಸಿದ್ದರೆ ಪೆಟ್ಟುಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದರೆ ಒಬ್ಬ ಹಾಕಿದ ತಿರುವಿಗೆ ಇನ್ನೊಬ್ಬ ಬೆಚ್ಚಿ ಎದ್ದು ಉತ್ತರಿಸುವ ಗಳಿಗೆ ಇರುವುದಿಲ್ಲ. ಮೊಂತೂನೊದಲ್ಲಿ ಗಂಟೆ ಬಂದ ಮೇಲೂ ಬಾಂಗೊ ಕೇಳುತ್ತಲೇ ಇದ್ದರೆ ಅಲ್ಲಿ ಮನುಷ್ಯನ ಕೈಗಳ ಲೆಕ್ಕ ತಪ್ಪಿದೆ ಎಂದೇ ಅರ್ಥ. ಟ್ರೊಂಬೋನ್, ಟ್ರಂಪೆಟ್‌ಗಳನ್ನು ಸ್ಯಾಂಪಲ್‌ಗಳಿಂದ (ಮೊದಲೇ ಮುದ್ರಿಸಿಟ್ಟ ಸ್ವರದ ತುಣುಕುಗಳಿಂದ) ಜೋಡಿಸಿದ್ದರೆ, ಒಂದೇ ಸ್ವರ ಮೂರು ಬಾರಿ ಬಂದಾಗ ಮೂರರ ಅಂಚೂ ಒಂದೇ ಥರ ಇರುತ್ತದೆ. ಸಾಲುಗಳ ನಡುವೆ ಉಸಿರು ತೆಗೆದುಕೊಳ್ಳಲು ಜಾಗವೇ ಇರುವುದಿಲ್ಲ. ಕ್ರೆಡಿಟ್ ಪಟ್ಟಿಯಲ್ಲಿ ಟ್ರೊಂಬೋನ್ ವಾದಕರ ಹೆಸರೇ ಇಲ್ಲದಿದ್ದರೆ ಈ ಅನುಮಾನ ಬಂದೇ ಬರುತ್ತದೆ. ಪಿಯಾನೊ ವಾದಕ ಎಡ್ಡಿ ಪಾಲ್ಮಿಯೇರಿ 1961ರಲ್ಲಿ ಕಟ್ಟಿದ ಲಾ ಪರ್ಫೆಕ್ತಾ ತಂಡದ ಛಾಪು ಎಂದರೆ ಟ್ರೊಂಬೋನ್. ಬ್ಯಾರಿ ರಾಜರ್ಸ್ ಎಂಬ ವಾದಕನ ಹೆಸರು ತೆಗೆದು ಆ ತಂಡದ ಬಗ್ಗೆ ಬರೆಯಲು ಹೊರಟರೆ ಬರೆಯಲು ಉಳಿಯುವುದು ಅರ್ಧ.

ಸ್ವತಂತ್ರ ಸಾಲ್ಸಾ ತಂಡಕ್ಕೆ ಹತ್ತರಿಂದ ಹದಿನಾಲ್ಕು ಜನ ಬೇಕು. ಅಷ್ಟು ಜನರನ್ನು ಒಂದು ಸ್ಟುಡಿಯೊದಲ್ಲಿ ಒಂದೇ ದಿನ ಕೂರಿಸುವ ಖರ್ಚು ಭರಿಸಲಾರದೆ ಈಗ ಅನೇಕರು ಬೇರೆಬೇರೆ ಊರುಗಳಲ್ಲಿ ಮುದ್ರಿಸಿ ಫೈಲ್ ಕಳಿಸಿಕೊಳ್ಳುತ್ತಾರೆ. ತಪ್ಪಲ್ಲ, ಆದರೆ ಎಡವುವುದು ಕೆಲವು ಗೊತ್ತಿರುವ ಜಾಗಗಳಲ್ಲೇ. ಮೊದಲನೆಯದು ಮಾರ್ಗದರ್ಶಿ ಟ್ರ್ಯಾಕ್. ಬರಿ ಮೆಟ್ರೊನೋಮ್ ಟಿಕ್‌ಟಿಕ್ ಕಳಿಸಿದರೆ ಹಾರ್ನ್‌ಗಳ (ಟ್ರಂಪೆಟ್, ಟ್ರೊಂಬೋನ್) ಸಾಲು ಬರೆಯುವವನಿಗೆ ಕ್ಲಾವೆಯ ಬದಿ ಗೊತ್ತಾಗುವುದಿಲ್ಲ. ಮೊಂತೂನೊದಲ್ಲಿ ಸೇರುವ ಹಾರ್ನ್ ಸಾಲು ತಿರುಗುಮುರುಗಾಗುತ್ತದೆ. ಸಾಲ್ಸಾ ಮಂದಿ ಇದನ್ನು ಕ್ರುಸಾದೊ ಎನ್ನುತ್ತಾರೆ. ಮಿಕ್ಸಿಂಗ್‌ನಲ್ಲಿ ಇದಕ್ಕೆ ಮದ್ದಿಲ್ಲ, ಹಾರ್ನ್ ವಾದಕರನ್ನು ಮತ್ತೆ ಕರೆಯಬೇಕು. ಆದ್ದರಿಂದ ಮೊದಲ ಟ್ರ್ಯಾಕೇ ಕ್ಲಾವೆ ಇರಲಿ, ಅದಕ್ಕೂ ಮೊದಲು ಎರಡು ಬಾರ್ ಎಣಿಕೆ ಇರಲಿ, ಪ್ರತಿಯೊಬ್ಬರ ಫೈಲೂ ಅದೇ ಶೂನ್ಯ ಬಿಂದುವಿನಿಂದ ಶುರುವಾಗಲಿ. ಎರಡನೆಯದು ಸ್ಯಾಂಪಲ್ ರೇಟ್, ಅಂದರೆ ಮುದ್ರಿಸುವಾಗ ಸದ್ದನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಗಿದೆ ಎಂಬ ಲೆಕ್ಕ. ಒಬ್ಬರು 44.1 ಕಿಲೊಹರ್ಟ್ಸ್‌ನಲ್ಲಿ ಮುದ್ರಿಸಿದ ಫೈಲನ್ನು 48ರ ಸೆಷನ್‌ಗೆ ಪರಿವರ್ತಿಸದೆ ಎಳೆದು ಹಾಕಿದರೆ ಅದು ಸುಮಾರು ಒಂದೂವರೆ ಸೆಮಿಟೋನ್ (ಅರ್ಧಸ್ವರ) ಮೇಲೇರುತ್ತದೆ, ಅವಧಿ ಶೇ 8ರಷ್ಟು ಕುಗ್ಗುತ್ತದೆ. ಹಾರ್ನ್ ಆದರೆ ಅಪಸ್ವರ ತಕ್ಷಣ ಕಿವಿಗೆ ಹೊಡೆಯುತ್ತದೆ. ಉಜ್ಜುವ ಗುಯಿರೊ, ಅಲುಗಿಸುವ ಮರಾಕಸ್‌ನಂಥ ವಾದ್ಯದಲ್ಲಿ ಸ್ವರ ಬದಲಾದದ್ದು ಯಾರಿಗೂ ತಿಳಿಯುವುದಿಲ್ಲ, ಲಯ ಜಾರುತ್ತಿದೆ ಎಂದು ಪಾಪ ನುಡಿಸಿದವನನ್ನು ಬೈಯುತ್ತಾರೆ. ಎಲ್ಲರೂ 24 ಬಿಟ್, 48 ಕಿಲೊಹರ್ಟ್ಸ್ ವೇವ್ ಫೈಲ್ ಎಂದು ಮೊದಲೇ ಬರೆದು ಕಳಿಸಿದರೆ ಈ ಕಾಟವಿಲ್ಲ.

ಜಾಝ್‌ನ ಕಷ್ಟ ಬೇರೆ. ನಾಲ್ಕೈದು ಜನ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಾರೆ. ಎರಡು ದಿನದಲ್ಲಿ ಎಂಟೊಂಬತ್ತು ರಚನೆ ಮುಗಿಸುವುದು ಅಪರೂಪವೇನಲ್ಲ. ಒಬ್ಬರ ಮೈಕಿಗೆ ಇನ್ನೊಬ್ಬರ ನಾದ ಸೋರುತ್ತದೆ. ಡ್ರಮ್ಸ್‌ನ ಸಿಂಬಲ್ ಪಿಯಾನೊ ಮೈಕಿನಲ್ಲಿ ಢಾಳಾಗಿ ಕೂತಿರುತ್ತದೆ. ಹೀಗಿರುವಾಗ ಪಿಯಾನೊದಲ್ಲಿ ತಪ್ಪಿದ ಒಂದು ಸ್ವರವನ್ನಷ್ಟೇ ಆಮೇಲೆ ತಿದ್ದಲು ಬರುವುದಿಲ್ಲ, ತಿದ್ದಿದರೆ ಸಿಂಬಲ್ ನಡುವೆ ತುಂಡಾಗುತ್ತದೆ. ಪಿಯಾನೊ ಮುಚ್ಚಳ ಇಳಿಸಿ ದಪ್ಪ ಕಂಬಳಿ ಹೊದಿಸುವುದು, ಡ್ರಮ್ಸ್ ಮತ್ತು ಬೇಸ್ ನಡುವೆ ತಡೆ ನಿಲ್ಲಿಸುವುದು ಅರ್ಧ ಪರಿಹಾರ. ಉಳಿದರ್ಧ ಒಳ್ಳೆಯ ಟೇಕ್ ಆರಿಸುವುದು. ಹೀಗಾಗಿ ಜಾಝ್ ಆಲ್ಬಂನಲ್ಲಿ ಧ್ವನಿ ಎಂಜಿನಿಯರ್ ಮತ್ತು ಸ್ಟುಡಿಯೊ ಹೆಸರೂ ಕಲಾವಿದರ ಹೆಸರಿನಷ್ಟೇ ಮಾತಾಡುತ್ತದೆ. 1969ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಇಸಿಎಂ ಕಂಪನಿಯ ತಟ್ಟೆಗಳ ಹಿಂಬದಿಯಲ್ಲಿ ಈ ಹೆಸರುಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಡುಗಡೆಗೆ ಮುನ್ನ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್ ಬಗ್ಗೆ ಒಂದೇ ಮಾತು. ಸ್ಪಾಟಿಫೈ ಎಲ್ಲ ಹಾಡುಗಳ ಸದ್ದನ್ನು ಸುಮಾರು ಮೈನಸ್ 14 ಲಫ್ಸ್‌ಗೆ (ಸದ್ದಿನ ಜೋರಿನ ಅಳತೆ) ಹೊಂದಿಸುತ್ತದೆ. ಮೈನಸ್ 8ಕ್ಕೆ ಜಜ್ಜಿ ಕಳಿಸಿದ ಜಾಝ್ ಆಲ್ಬಂನ ಸದ್ದನ್ನು ಅದು 6 ಡೆಸಿಬೆಲ್ ಇಳಿಸುತ್ತದೆ. ಜಜ್ಜಿದಾಗ ಸತ್ತ ಏರಿಳಿತ ಮಾತ್ರ ಮರಳಿ ಬರುವುದಿಲ್ಲ. ಜೋರಾಗಿ ಕೇಳಲಿ ಎಂದು ಮಾಡಿದ್ದು ಜೋರಾಗಿಯೂ ಕೇಳುವುದಿಲ್ಲ, ಚೆನ್ನಾಗಿಯೂ ಕೇಳುವುದಿಲ್ಲ.

ಇನ್ನು ಹಣದ ವಿಷಯ. ಹೆಸರು ಅಚ್ಚಾಗುವುದಕ್ಕೂ ದುಡ್ಡು ಕೈ ಸೇರುವುದಕ್ಕೂ ನೇರ ನಂಟಿದೆ. ಅಮೆರಿಕದಲ್ಲಿ ಡಿಜಿಟಲ್ ರೇಡಿಯೊಗಳಿಂದ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ವಸೂಲು ಮಾಡುವ ಹಣ ಕಾನೂನಿನ ಪ್ರಕಾರವೇ ಹಂಚಿಕೆಯಾಗುತ್ತದೆ: ಶೇ 50 ಧ್ವನಿಮುದ್ರಣದ ಒಡೆಯನಿಗೆ, ಶೇ 45 ಮುಖ್ಯ ಕಲಾವಿದರಿಗೆ, ಉಳಿದ ಶೇ 5 ಹಿನ್ನೆಲೆಯ ವಾದಕರು ಮತ್ತು ಗಾಯಕರಿಗೆಂದು ಇರುವ ನಿಧಿಗೆ. ಆ ಶೇ 5ರಲ್ಲಿ ತನ್ನ ಪಾಲು ಬರಬೇಕಾದರೆ ಆ ಹಾಡಿನಲ್ಲಿ ತಾನು ನುಡಿಸಿದ್ದೇನೆಂದು ಟ್ರೊಂಬೋನ್ ವಾದಕ ತೋರಿಸಬೇಕು. ಕ್ರೆಡಿಟ್ ಸಾಲಿಲ್ಲದ ಆಲ್ಬಂ ಅವನಿಗೆ ಯಾವ ಸಾಕ್ಷಿ ಕೊಡುತ್ತದೆ? ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಒಂದು ವಿಚಿತ್ರವಿದೆ. 52ಎ ಕಲಂ ಪ್ರಕಾರ ಧ್ವನಿಮುದ್ರಿಕೆಯ ಮೇಲೆ ತಯಾರಕರ ಹೆಸರು–ವಿಳಾಸ, ಹಕ್ಕುದಾರರ ಹೆಸರು–ವಿಳಾಸ, ಮೊದಲ ಪ್ರಕಟಣೆಯ ವರ್ಷ ಇರಲೇಬೇಕು. ನುಡಿಸಿದವರ ಹೆಸರು ಆ ಪಟ್ಟಿಯಲ್ಲಿಲ್ಲ. ಅದನ್ನು ಕೊಟ್ಟದ್ದು 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಂ: ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು ಪ್ರದರ್ಶಕನಿಗಿದೆ. ಹಕ್ಕಿದೆ, ಕೇಳುವವರು ಕಡಿಮೆ.

ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಆಲ್ಬಂ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗಳ ಫಾರ್ಮಿನಲ್ಲಿ ಕಡ್ಡಾಯದ ಕೆಲವು ಅಂಕಣ ತುಂಬಿದರೆ ಕೆಲಸ ಮುಗಿಯುತ್ತದೆ. ಹದಿನಾಲ್ಕು ಜನರ ಹೆಸರನ್ನು ಹತ್ತು ಹಾಡಿಗೂ ಒಂದೊಂದಾಗಿ ಹಾಕಲು ಯಾರಿಗೂ ತಾಳ್ಮೆ ಇರುವುದಿಲ್ಲ, ಬಿಡುಗಡೆಯ ಹಿಂದಿನ ರಾತ್ರಿಯಂತೂ ಇಲ್ಲವೇ ಇಲ್ಲ. ಹಾಗೆ ತುಂಬಿದ್ದೂ ಕೇಳುಗನಿಗೆ ಸಿಗುವುದು ಎರಡು ಮೂರು ಒತ್ತಿನ ಆಚೆ. ಪ್ರತಿ ಹಾಡಿಗೂ 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಬೇಕು. ಭಾರತದಲ್ಲಿ ಅದನ್ನು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಸ್ಥೆ ಕೊಡುತ್ತದೆ, ಡಿಸ್ಟ್ರಿಬ್ಯೂಟರ್ ಮೂಲಕವೂ ಪಡೆಯಬಹುದು. ಡಿಸ್ಟ್ರಿಬ್ಯೂಟರ್ ಬದಲಿಸುವಾಗ ಹಳೆಯ ಸಂಖ್ಯೆಯನ್ನೇ ಕೊಡಬೇಕು, ಹೊಸದು ಕೊಟ್ಟರೆ ಅದುವರೆಗಿನ ಕೇಳಿಕೆಯ ಲೆಕ್ಕ ಕೈಬಿಟ್ಟು ಹೋಗಬಹುದು. ಅದೇ ಹಾಡನ್ನು ರೇಡಿಯೊಗಾಗಿ ಮೊಟಕುಗೊಳಿಸಿದ್ದರೆ ಅದಕ್ಕೆ ಬೇರೆ ಸಂಖ್ಯೆ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟ್‌ಗೆ ಸೂಚಿಸುವುದಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ. ಮೂರು ನಾಲ್ಕು ವಾರ ಮುಂಚೆಯಾದರೆ ಲೇಸು.

ಸ್ಟ್ರೀಮಿಂಗ್ ಲೆಕ್ಕ ಜಾಝ್‌ಗೆ ಹೇಗೆ ಹೊಡೆತ ಕೊಡುತ್ತದೆ ನೋಡಿ. 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. ಎರಡು ನಿಮಿಷದ ಹಾಡಿಗೂ ಒಂದೇ, ಹದಿನಾಲ್ಕು ನಿಮಿಷದ ರಚನೆಗೂ ಒಂದೇ. 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಮುಟ್ಟದ ಹಾಡಿಗೆ ಸ್ಪಾಟಿಫೈ ಧ್ವನಿಮುದ್ರಣದ ರಾಯಧನವನ್ನೇ ಕೊಡುವುದಿಲ್ಲ. ಐದು ರಚನೆಗಳ ಜಾಝ್ ಆಲ್ಬಂ ಇಲ್ಲಿ ಇಪ್ಪತ್ತು ಪುಟ್ಟ ಹಾಡುಗಳ ಆಲ್ಬಂ ಮುಂದೆ ಹೇಗೆ ನಿಂತೀತು? ಅದಕ್ಕೇ ಈ ವಲಯದವರು ನೇರ ಮಾರಾಟಕ್ಕೆ ಅಂಟಿಕೊಂಡಿರುವುದು. ಜಾಝ್ ಸಂಯೋಜಕಿ ಮರಿಯಾ ಶ್ನೈಡರ್ ಅವರ ‘ಕಾನ್ಸರ್ಟ್ ಇನ್ ದ ಗಾರ್ಡನ್’ 2004ರಲ್ಲಿ ಆರ್ಟಿಸ್ಟ್‌ಶೇರ್ ಎಂಬ ಜಾಲತಾಣದ ಮೂಲಕ ಕೇಳುಗರ ಮುಂಗಡ ಹಣದಲ್ಲೇ ತಯಾರಾಗಿ, ಅಂಗಡಿಗೆ ಹೋಗದೆ ಅಂತರಜಾಲದಲ್ಲಷ್ಟೇ ಮಾರಾಟವಾಗಿ, ಮರುವರ್ಷ ಗ್ರ್ಯಾಮಿ ಪಡೆಯಿತು. ಸ್ಪ್ಯಾನಿಷ್ ಹಾರ್ಲೆಮ್ ಆರ್ಕೆಸ್ಟ್ರಾದ 2018ರ ಆಲ್ಬಂ ‘ಆನಿವರ್ಸರಿ’ ಬಂದದ್ದೂ ಅದೇ ದಾರಿಯಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವುದು ಬ್ಯಾಂಡ್‌ಕ್ಯಾಂಪ್ ಎಂಬ ಮಾರಾಟ ತಾಣ. ಡಿಜಿಟಲ್ ಮಾರಾಟದಲ್ಲಿ ಅದರ ಪಾಲು ಶೇ 15, ವರ್ಷದ ಮಾರಾಟ 5000 ಡಾಲರ್ ಮುಟ್ಟಿದ ಮೇಲೆ ಶೇ 10. ತಟ್ಟೆ, ಸಿಡಿಗಳಿಗೆ ಶೇ 10. ಪಾವತಿ ಶುಲ್ಕ ಕಳೆದು 10 ಡಾಲರಿನ ಆಲ್ಬಂನಲ್ಲಿ 8 ಡಾಲರಿನಷ್ಟು ತಂಡಕ್ಕೆ ಸೇರುತ್ತದೆ. 2020ರ ಮಾರ್ಚ್ 20ರಂದು ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇಗಳಂದು ಕಂಪನಿ ತನ್ನ ಪಾಲನ್ನೂ ಬಿಡುತ್ತದೆ. ಕೊಂಡವರಿಗೆ ನಾದ ಕುಗ್ಗದ ಫ್ಲ್ಯಾಕ್ ಫೈಲ್ ಸಿಗುತ್ತದೆ, ಕೆಳಗೆ ನುಡಿಸಿದವರ ಹೆಸರೂ ಸಾಮಾನ್ಯವಾಗಿ ಇರುತ್ತದೆ.

ಭಾರತದಿಂದ ಕೊಳ್ಳುವವರಿಗೆ ಒಂದೆರಡು ಸೂಚನೆ ನಿಮ್ಮ ಅಂಕಣದಲ್ಲೇ ಬಂದರೆ ಚೆನ್ನ. ಹೊಸ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲೇ ಚಾಲೂ ಇರುವುದಿಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ‘ಪಾವತಿ ವಿಫಲ’ ಎಂದು ಬಂದಾಗ ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಅಮೆರಿಕದಿಂದ ಎಲ್‌ಪಿ ತರಿಸಿದರೆ ಅಂಚೆ ಖರ್ಚೇ ತಟ್ಟೆಯ ಬೆಲೆಯನ್ನು ಮುಟ್ಟಬಹುದು, ಮೇಲೆ ಕಸ್ಟಮ್ಸ್ ಸುಂಕ. ತಟ್ಟೆಯೇ ಬೇಕೆಂಬ ಹಟವಿದ್ದರೆ ಹಿಂಬದಿಯ ಅವಧಿ ನೋಡಿ. 33⅓ ವೇಗದ 12 ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ 18ರಿಂದ 22 ನಿಮಿಷ ಹಿತ. ಅದನ್ನು ಮೀರಿ ತುರುಕಿದರೆ ಗೆರೆಗಳು ಹತ್ತಿರವಾಗಿ ಸದ್ದು ಕುಗ್ಗುತ್ತದೆ. ಒಳಸುತ್ತಿಗೆ ಹೋದಂತೆ ಸೂಜಿಯ ಕೆಳಗೆ ಗೆರೆ ಸಾಗುವ ವೇಗ ಇಳಿಯುವುದರಿಂದ ಗಂಟೆ, ಸಿಂಬಲ್, ಗಾಯಕನ ಸಕಾರಗಳು ಅಲ್ಲಿ ಕರಕರ ಎನ್ನುತ್ತವೆ. ಬಲ್ಲ ತಂಡ ಬದಿಯ ಕೊನೆಗೆ ನಿಧಾನದ ಬೊಲೆರೊ ಇಡುತ್ತದೆ, ಗಂಟೆಗಳ ಅಬ್ಬರದ ಹಾಡನ್ನು ಮೊದಲಿಗಿಡುತ್ತದೆ.

ನಮ್ಮ ತಂಡಗಳಿಗೆ ಸಂಬಂಧಪಟ್ಟದ್ದೂ ಒಂದಿದೆ. ಹಳೆಯ ಹಾಡನ್ನು ಜಾಝ್ ಅಥವಾ ಸಾಲ್ಸಾ ಶೈಲಿಯಲ್ಲಿ ಮರುನಿರೂಪಿಸಿ ಆಲ್ಬಂಗೆ ಸೇರಿಸುವ ಆಸೆ ಹಲವರಿಗಿದೆ. ಅಮೆರಿಕದಲ್ಲಿ ಹಾಡು ಒಮ್ಮೆ ಬಿಡುಗಡೆಯಾಗಿದ್ದರೆ ನಿಗದಿತ ರಾಯಧನ ಕಟ್ಟಿ ಮುದ್ರಿಸಬಹುದು. 2025ರಲ್ಲಿ 5 ನಿಮಿಷದೊಳಗಿನ ಹಾಡಿಗೆ ದರ ಒಂದು ಪ್ರತಿಗೆ 12.7 ಸೆಂಟ್ ಇತ್ತು, 500 ಪ್ರತಿಗೆ 63.50 ಡಾಲರ್, ಅಷ್ಟೇ. ನಮ್ಮ ಕಾಯ್ದೆಯ 31ಸಿ ಕಲಂ ಓದಲು ಹಾಗೆಯೇ ಇದೆ, ನಡೆಯಲು ಮಾತ್ರ ಕಷ್ಟ. ಮೂಲ ಮುದ್ರಣವಾದ ವರ್ಷ ಕಳೆದು 5 ವರ್ಷ ಆಗಿರಬೇಕು, ಮುಂಚಿತವಾಗಿ ತಿಳಿವಳಿಕೆ ಪತ್ರ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು, ಸಾಹಿತ್ಯ–ಸಂಗೀತದಲ್ಲಿ ಅನಗತ್ಯ ಬದಲಾವಣೆ ಮಾಡುವಂತಿಲ್ಲ. 300 ಪ್ರತಿ ಹೊರತರುವ, ಹಾಡಿನ ಕಾರ್ಡುಗಳನ್ನೇ ಮಗುಚಿ ಹಾಕುವ ಜಾಝ್ ತಂಡಕ್ಕೆ ಈ ದಾರಿ ಇದ್ದೂ ಇಲ್ಲದಂತೆ. ಹಕ್ಕುದಾರರಿಂದ ನೇರವಾಗಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದೊಂದೇ ಉಪಾಯ, ಅದೂ ಸ್ಟುಡಿಯೊ ಬುಕ್ ಮಾಡುವ ಮೊದಲು.

ಬೆಂಗಳೂರಿನ ಸಾಲ್ಸಾ ನೃತ್ಯ ಕೂಟಗಳಲ್ಲಿ ವಾರವಾರ ಈ ಹಾಡುಗಳಿಗೆ ಹೆಜ್ಜೆ ಹಾಕುವವರಿದ್ದಾರೆ. ಧ್ವನಿಮುದ್ರಿಕೆ ಹಾಕಲು ಪರವಾನಗಿ ಶುಲ್ಕ ಕಟ್ಟುವ ಸಂಘಟಕರೂ ಇದ್ದಾರೆ. ಆ ಹಣ ಹಂಚಿಕೆಯಾಗುವುದು ಪರವಾನಗಿ ಕೊಡುವ ಸಂಸ್ಥೆಯ ಸದಸ್ಯ ಕಂಪನಿಗಳಿಗೆ. ಕೊಲಂಬಿಯಾದ ಕಾಲಿ ಅಥವಾ ಬೊಗೊತಾ ನಗರದ ಸ್ವತಂತ್ರ ತಂಡವೊಂದು ಆ ಪಟ್ಟಿಯಲ್ಲಿ ಇರುವ ಸಂಭವ ಕಡಿಮೆ. ಹಾಡು ಹಾಕುವವರು ಅದನ್ನು ಯೂಟ್ಯೂಬ್‌ನಿಂದ ಇಳಿಸಿಕೊಳ್ಳುವ ಬದಲು ತಂಡದ ಪುಟದಿಂದ ಕೊಂಡರೆ ಅಷ್ಟಾದರೂ ತಲುಪುತ್ತದೆ. ಇಳಿಸಿಕೊಂಡ ಫೈಲಿನಲ್ಲಿ ಗಂಟೆಯ ನಾದ ಮಸುಕಾಗಿ, ದೊಡ್ಡ ಸ್ಪೀಕರ್‌ನಲ್ಲಿ ಚುರ್ರೆನ್ನುವುದನ್ನು ಅವರೂ ಕೇಳಿರುತ್ತಾರೆ.

ಹೆಸರುಗಳನ್ನು ಅಚ್ಚಿಸುವುದರಿಂದ ಕನ್ನಡ ಓದುಗನಿಗೇನು ಲಾಭ ಎಂದು ನೀವು ಕೇಳಬಹುದು. ಚಾರ್ಲಿ ಮರಿಯಾನೊ ಎಂಬ ಅಮೆರಿಕನ್ ಸ್ಯಾಕ್ಸೊಫೋನ್ ವಾದಕರ 1983ರ ‘ಜ್ಯೋತಿ’ ಆಲ್ಬಂ ಹೊರತಂದದ್ದು ಇಸಿಎಂ. ‘ಅಮೆರಿಕನ್ ಜಾಝ್ ಕಲಾವಿದನ ಆಲ್ಬಂ’ ಎಂದು ಬರೆದು ಬಿಟ್ಟರೆ ಸುದ್ದಿ ಅಲ್ಲಿಗೆ ಮುಗಿಯಿತು. ಹಿಂಬದಿ ಓದಿದರೆ ಕಾಣುವುದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್: ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಅಂಥ ಆಲ್ಬಂ ನಾಳೆ ಮತ್ತೊಂದು ಬಂದರೆ ಈಗಿನ ನಿಮ್ಮ ಎರಡು ಸಾಲಿನ ಪದ್ಧತಿಯಲ್ಲಿ ಊರಿನವರೇ ಕಾಣೆಯಾಗುತ್ತಾರೆ.

ನಾವು ಕೇಳುವುದು ಹೇಗಿರಬೇಕೆಂದು ತೋರಿಸಲು, ಹೊಸದಲ್ಲದಿದ್ದರೂ ಪೂರ್ಣ ವಿವರ ಸಿಗುವ ಒಂದು ಆಲ್ಬಂ ಹಿಡಿದು ನಮೂನೆ ಕೊಡುತ್ತಿದ್ದೇವೆ:

ಕಿನ್ಸ್‌ಮೆನ್. ರುದ್ರೇಶ್ ಮಹಾಂತಪ್ಪ ಮತ್ತು ದಕ್ಷಿಣ ಎನ್‌ಸೆಂಬಲ್. ಆಲ್ಟೊ ಸ್ಯಾಕ್ಸೊಫೋನ್: ರುದ್ರೇಶ್ ಮಹಾಂತಪ್ಪ, ಕದ್ರಿ ಗೋಪಾಲನಾಥ್. ಪಿಟೀಲು: ಎ. ಕನ್ಯಾಕುಮಾರಿ. ಗಿಟಾರ್: ರೆಜ್ ಅಬ್ಬಾಸಿ. ಬೇಸ್: ಕಾರ್ಲೊ ಡಿ ರೋಸಾ. ಮೃದಂಗ: ಪೂವಲೂರು ಶ್ರೀಜಿ. ಡ್ರಮ್ಸ್: ರಾಯಲ್ ಹಾರ್ಟಿಗನ್. ಪೈ ರೆಕಾರ್ಡಿಂಗ್ಸ್, ನ್ಯೂಯಾರ್ಕ್, 2008.

ಇದರ ಕೆಳಗೆ ಕೊಳ್ಳುವ ಜಾಗ ಮತ್ತು ಬೆಲೆ, ರೋಮನ್ ಲಿಪಿಯಲ್ಲಿ ಆಲ್ಬಂ ಹೆಸರು ಒಮ್ಮೆ. ಕನ್ನಡದಲ್ಲಿ ಬರೆದ ಸ್ಪ್ಯಾನಿಷ್ ಹೆಸರನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿದರೆ ಏನೂ ಸಿಗುವುದಿಲ್ಲ, ಓದುಗರು ಅಲ್ಲಿಗೇ ಸುಸ್ತಾಗುತ್ತಾರೆ. ಎಲ್ಲ ಸೇರಿ ಐವತ್ತು ಪದ ಮೀರುವುದಿಲ್ಲ. ಜಾಗ ಸಾಲದಿದ್ದರೆ ಮುಖಪುಟದ ಚಿತ್ರವನ್ನು ಅರ್ಧ ಕಾಲಂಗೆ ಇಳಿಸಿ. ಬಿಡುಗಡೆಗೆ ಮುನ್ನ ವಿಮರ್ಶೆಗೆಂದು ಲಿಂಕ್ ಕಳಿಸುವ ತಂಡಗಳಿಂದ ಈ ವಿವರವನ್ನು ಲಿಂಕಿನ ಜೊತೆಗೇ ಕೇಳಿ ಪಡೆಯಿರಿ. ಯಾರು ನುಡಿಸಿದರೆಂದು ಹೇಳಲಾಗದವರ ಆಲ್ಬಂ ಮುಂದಿನ ವಾರಕ್ಕೆ ಕಾಯಲಿ.

ಇತಿ,
ನಿಮ್ಮ ಓದುಗರು,
ಬೆಂಗಳೂರು